ಕೆಂಪು ಪೆನ್ನಿನ ರಾಯರು

ಕನ್ನಡ ಎಂ.ಎ. ತರಗತಿ ಎಂದಮೇಲೆ ಅಲ್ಲೊಬ್ಬ ರಾಯರು ಇದ್ದೇ ಇರುತ್ತಾರೆ. ವಯಸ್ಸು ಇಪ್ಪತ್ತೆರಡು, ಗಾಂಭೀರ್ಯ ಅರವತ್ತರದು. ಹೆಗಲಿಗೆ ಜೋಳಿಗೆ, ಜೇಬಿನಲ್ಲಿ ಕೆಂಪು ಪೆನ್ನು. ‘ಸೆಮಿನಾರ್ ಪೇಪರ್ ಕೊಡೋ ಮುಂಚೆ ಒಬ್ಬರ ಕರಡು ಇನ್ನೊಬ್ಬರು ಓದಿ ಅಭಿಪ್ರಾಯ ಬರೀರಪ್ಪ’ ಎಂದು ಮೇಷ್ಟ್ರು ಬಾಯಿ ಮುಚ್ಚುವಷ್ಟರಲ್ಲಿ ರಾಯರ ಪೆನ್ನು ಬಾಯಿ ತೆರೆದಿರುತ್ತದೆ.

ಕರಡಿನಲ್ಲಿ ಅವರು ಮೊದಲು ನೋಡುವುದು ವಾದವನ್ನಲ್ಲ, ಕಾಗುಣಿತವನ್ನು. ‘ಸಂಬಂಧ’ದ ಬಕಾರಕ್ಕೆ ಯಾರಾದರೂ ಹೊಟ್ಟೆ ಸೀಳಿದ್ದರೆ ರಾಯರಿಗೆ ತಮ್ಮ ಹೊಟ್ಟೆಯನ್ನೇ ಸೀಳಿದಷ್ಟು ಸಂಕಟ. ಆಮೇಲೆ ಅಂಚಿನ ತುಂಬ ಷರಾ: ‘ಸೈದ್ಧಾಂತಿಕ ಚೌಕಟ್ಟು ಸಡಿಲ’, ‘ವಸಾಹತೋತ್ತರ ನೆಲೆ ಕಾಣೆ’, ‘ಇನ್ನೂ ಆಳ ಬೇಕು’. ಕುವೆಂಪು ಮೇಲೆ ಬರೆದರೂ ಇವೇ, ತ್ರಿವೇಣಿ ಮೇಲೆ ಬರೆದರೂ ಇವೇ. ಆಳಕ್ಕೆ ಎಲ್ಲಿ ಅಗೆಯಬೇಕೆಂದು ಕೇಳಿದರೆ, ‘ಅದು ನಿಮಗೇ ಹೊಳೀಬೇಕು’ ಎನ್ನುತ್ತಾರೆ. ಕ್ಯಾಂಟೀನಿನಲ್ಲಿ ಮಸಾಲೆದೋಸೆ ಕೊಡಿಸಿದವರ ಕರಡಿನಲ್ಲಿ ಮಾತ್ರ ‘ಹೊಸ ಒಳನೋಟ’ ತಾನಾಗಿಯೇ ಕಾಣಿಸುತ್ತದೆ.

ಸಹಪಾಠಿಯೊಬ್ಬಳು ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕುರಿತು ಬರೆದಿದ್ದಳು. ‘ಭೂಮಿ ಸಿಕ್ಕಿದ ಮೇಲಿನ ಚೋಮನ ಮನಃಸ್ಥಿತಿಯನ್ನು ವಿಶ್ಲೇಷಿಸಿಲ್ಲ’ ಎಂದು ಬರೆದು ರಾಯರು ಅಡಿಗೆರೆ ಎಳೆದರು.

‘ರಾಯರೇ, ಬೇಸಾಯ ಮಾಡ್ಬೇಕು ಅನ್ನೋ ಆಸೆ ತೀರದೇ ಸಾಯ್ತಾನಲ್ಲ ಚೋಮ. ಅವನಿಗೆ ಭೂಮಿ ಸಿಕ್ಕಿದ್ದು ಯಾವ ಪುಟದಲ್ಲಿ?’ ಎಂದಳು ಅವಳು.

ರಾಯರು ಪೆನ್ನಿನ ಮುಚ್ಚಳ ಹುಡುಕತೊಡಗಿದರು. ‘ನಾನು ಹೇಳಿದ್ದು ಬಿ.ವಿ. ಕಾರಂತರ ಸಿನಿಮಾ ಲೆಕ್ಕದಲ್ಲಿ.’

1975ರ ಆ ಚಿತ್ರಕ್ಕೆ ಸ್ವರ್ಣಕಮಲ ಸಿಕ್ಕಿತು, ನಿಜ. ಚೋಮನಿಗೆ ಭೂಮಿ ಅಲ್ಲಿಯೂ ಸಿಗಲಿಲ್ಲ.

ಅದೇ ಕರಡನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ಓದಿ ಪೆನ್ಸಿಲಿನಲ್ಲಿ ಇಷ್ಟೇ ಬರೆದಿದ್ದ: ‘ಚೋಮನ ಸಿಟ್ಟು, ಸಂಕಟ ಎಲ್ಲ ದುಡಿಯಲ್ಲಿ ಮಾತಾಡುತ್ತೆ ಅಂತ ಮೂರನೇ ಪ್ಯಾರಾದಲ್ಲಿ ಹೇಳಿದ್ದೀಯ. ಅವನು ದುಡಿ ಬಾರಿಸೋ ಒಂದು ಸಂದರ್ಭವನ್ನಾದರೂ ತೋರಿಸು.’ ಅವಳು ಕಾದಂಬರಿ ತೆರೆದು ಹುಡುಕಿದಳು, ಪ್ಯಾರಾ ತಿದ್ದಿದಳು, ವಾದಕ್ಕೆ ಕಾಲು ಬಂತು. ರಾಯರ ಮೂರು ಪುಟದ ಷರಾದಿಂದ ಅವಳಿಗೆ ಒದಗಿದ್ದು ಎರಡು ಅಲ್ಪವಿರಾಮ.

ಆದ್ದರಿಂದ ಗೆಳೆಯರ ಕರಡು ತಿದ್ದುವ ಮಹನೀಯರಲ್ಲಿ ಒಂದು ವಿನಂತಿ: ಮೊದಲು ಮೂಲ ಕೃತಿ ಓದಿ. ಅದಕ್ಕೆ ಪುರುಸೊತ್ತಿಲ್ಲವಾದರೆ ಕಾಗುಣಿತವನ್ನಷ್ಟೇ ತಿದ್ದಿ ಕೊಡಿ, ಯಾರೂ ಬೇಡವೆನ್ನುವುದಿಲ್ಲ.