ಹಪ್ಪಳದ ಹವಾಮಾನ

ಹಲಸಿನ ಹಪ್ಪಳಕ್ಕೂ ಅರಬ್ಬಿ ಸಮುದ್ರದ ಚಂಡಮಾರುತಕ್ಕೂ ಸುಗ್ಗಿ ಒಂದೇ, ಮೇ ತಿಂಗಳು. ಬಲಿತ ಕಾಯಿಯ ಸೊಳೆ ಬೇಯಿಸಿ, ಒರಳಲ್ಲಿ ಕುಟ್ಟಿ, ಉಂಡೆ ಕಟ್ಟಿ ಒತ್ತಿ, ಅಂಗಳದ ಚಾಪೆಯ ಮೇಲೆ ಹರವಿದ ಹೊತ್ತಿಗೆ ಸರಿಯಾಗಿ ಅತ್ತ ಕಡಲು ಕಾದು ಗಾಳಿ ಸುತ್ತತೊಡಗುತ್ತದೆ. ಉಪಗ್ರಹದ ಚಿತ್ರದಲ್ಲಿ ನೋಡಿದರೆ ಎರಡಕ್ಕೂ ಮುಖಚರ್ಯೆಯೂ ಒಂದೇ: ದುಂಡಗೆ, ಬೆಳ್ಳಗೆ, ನಡುವೆ ಕಾಗೆ ಕುಕ್ಕಿದಂಥ ಒಂದು ತೂತು.

ನಾನು ಈ ಎರಡರ ನಡುವೆ ಸಿಕ್ಕಿಬಿದ್ದದ್ದು ಒಂದು ಚಟದಿಂದ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು, ಬಣ್ಣಬಣ್ಣದ ಗಾಳಿ ಹರಿಯುವ ಭೂಪಟವನ್ನು ಮೊಬೈಲಿನಲ್ಲಿ ನೋಡುವ ಚಟ. ಫಿಲಿಪ್ಪೀನ್ಸಿಗೆ ಟೈಫೂನ್ ಹೊರಟರೆ ನನಗೆ ರಾತ್ರಿ ನಿದ್ದೆಯಿಲ್ಲ, ಫ್ಲೋರಿಡಾಕ್ಕೆ ಹರಿಕೇನ್ ಬಂದರೆ ಹಗಲು ಕೆಲಸವಿಲ್ಲ. ಎರಡೂ ಚಂಡಮಾರುತವೇ, ಕಡಲಿಗೊಂದು ಹೆಸರು ಅಷ್ಟೆ. ಒಂದೇ ಹಿಟ್ಟು ಹಲಸಿನ ಎಲೆಗೆ ಬಿದ್ದರೆ ಕೊಟ್ಟೆ ಕಡುಬು, ಕೇದಗೆ ಎಲೆಗೆ ಬಿದ್ದರೆ ಮೂಡೆ ಆಗುವುದಿಲ್ಲವೇ, ಹಾಗೆ.

ಈ ಚಟದ ಸುದ್ದಿ ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನ ಕಿವಿಗೆ ಬಿತ್ತು. ಅಲ್ಲಿಯವರೆಗೆ ಅವಳ ಹವಾಮಾನ ಇಲಾಖೆ ಗೋಡೆಗೆ ನೇತುಹಾಕಿದ ಪಂಚಾಂಗವಾಗಿತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ್ದೇ ಹೆಸರು. ಭರಣಿ ಬಂದರೆ ಧರಣಿಯೆಲ್ಲ ಬೆಳೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು. ಈ ಇಲಾಖೆಯಲ್ಲಿ ಹಪ್ಪಳದ ವಿಭಾಗ ಮಾತ್ರ ಇರಲಿಲ್ಲ. ಆ ಖಾಲಿ ಹುದ್ದೆಗೆ ನನ್ನ ನೇಮಕವಾಯಿತು. ಪ್ರತಿ ಮೇ ತಿಂಗಳು ಫೋನು: "ಅಪ್ಪೀ, ನಾಳೆ ಹಪ್ಪಳ ಒಣಗಿಸ್ಲಾ, ಬೇಡ್ವಾ? ಅಷ್ಟು ಹೇಳು ಸಾಕು."

ಕಷ್ಟವಿರುವುದೇ ಆ 'ಅಷ್ಟು' ಹೇಳುವುದರಲ್ಲಿ. ಕೇಳಿದರೆ ಸಮುದ್ರ ಎಷ್ಟು ಡಿಗ್ರಿ ಕಾದಿದೆ ಎಂದು ಹೇಳಿಯೇನು. ಚಿಕ್ಕಮ್ಮನ ಅಂಗಳ ಮಾತ್ರ ನನ್ನ ಭೂಪಟದಲ್ಲಿ ಒಂದು ಚುಕ್ಕಿಯ ಸಾವಿರದಲ್ಲೊಂದು ಪಾಲೂ ಅಲ್ಲ.

2021ರ ಮೇ 14ರಂದು ಲಕ್ಷದ್ವೀಪದ ಬಳಿ ತೌಕ್ತೆ ಹುಟ್ಟಿತು. ಆಗ ಕೃತ್ತಿಕೆ ಮಳೆಯ ದಿನಗಳು. ನಾನು ಎರಡು ಬೆರಳಿನಿಂದ ಭೂಪಟ ಹಿಗ್ಗಿಸಿ ನೋಡಿ ತೀರ್ಪು ಕೊಟ್ಟೆ: "ಅದು ಕಡಲ ಮೇಲೇ ಉತ್ತರಕ್ಕೆ ಹೋಗಿ ಗುಜರಾತಿಗೆ ಬಡಿಯುತ್ತೆ. ಧೈರ್ಯವಾಗಿ ಹರವು." ಮೇ 17ರ ರಾತ್ರಿ ತೌಕ್ತೆ ಗುಜರಾತಿನಲ್ಲೇ ದಡ ಹತ್ತಿತು. ನನ್ನ ಮಾತು ನೂರಕ್ಕೆ ನೂರು ನಿಜವಾಯಿತು. ಚಿಕ್ಕಮ್ಮನ ಮುನ್ನೂರು ಹಪ್ಪಳ ಅಷ್ಟರೊಳಗೆ ಮರಳಿ ಹಿಟ್ಟಾಗಿದ್ದವು.

ನಮ್ಮ ಅರ್ಧಗೋಳದ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ ಎಂಬುದು ನನಗೆ ಗೊತ್ತಿತ್ತು, ಹೊತ್ತಿಗೆ ನೆನಪಾಗಲಿಲ್ಲ. ಅದರ ಕಣ್ಣು ದೂರದ ಕಡಲಲ್ಲಿದ್ದರೂ ಬಲಗೈ ನಮ್ಮ ಕಡೆಗಿರುತ್ತದೆ. ಆ ಕೈ ದಕ್ಷಿಣದಿಂದ ತೇವದ ಗಾಳಿಯನ್ನು ಬಾಚಿ ತಂದು ಘಟ್ಟಕ್ಕೆ ಒತ್ತುತ್ತದೆ. ಘಟ್ಟ ಹತ್ತುವಾಗ ಗಾಳಿ ತಣ್ಣಗಾಗಿ ತನ್ನ ಹೊರೆಯನ್ನು ಅಲ್ಲೇ ಸುರಿದುಬಿಡುತ್ತದೆ.

ಸಮಾಧಾನಕ್ಕೆಂದು, ತೌಕ್ತೆ ಅನ್ನುವುದು ಮ್ಯಾನ್ಮಾರ್ ದೇಶ ಕೊಟ್ಟ ಹೆಸರು, ಹಾಗೆಂದರೆ ಅವರ ಭಾಷೆಯಲ್ಲಿ ಒಂದು ಜಾತಿಯ ಹಲ್ಲಿ ಎಂದೆ. ಚಿಕ್ಕಮ್ಮ ಸಿಡಿದಳು: "ಹಲ್ಲಿ ಅಂತ ಮೊದಲೇ ಹೇಳೋಕೆ ಎಂತ ಆಗಿತ್ತು ನಿಂಗೆ? ಹಿಂದಿನ ದಿನ ಅಡುಗೆಮನೇಲಿ ಅದು ಲೊಚಗುಟ್ಟಿತ್ತು ಮಾರಾಯ!"

ಈ ಹೆಸರುಗಳದ್ದೇ ಒಂದು ಪುರಾಣ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ನಾಮಕರಣ. ಅದಕ್ಕೆ ಮೊದಲು ಅದು ಬರೀ ವಾಯುಭಾರ ಕುಸಿತ. 13 ದೇಶಗಳು ತಲಾ 13 ಹೆಸರು ಕೊಟ್ಟು 169ರ ಪಟ್ಟಿಯೊಂದು 2020ರಲ್ಲಿ ತಯಾರಾಯಿತು. ನಮ್ಮ ಮನೆಗಳಲ್ಲಿ ಮಗು ಹುಟ್ಟಿದ ಮೇಲೆ ಅಜ್ಜಿಯ ಹೆಸರೋ ಅತ್ತೆ ಇಟ್ಟ ಹೆಸರೋ ಎಂದು ಜಗಳ, ಇಲ್ಲಿ ಬಸಿರಿಗೆ ಮುಂಚೆಯೇ ತೊಟ್ಟಿಲ ಶಾಸ್ತ್ರ ಮುಗಿದಿರುತ್ತದೆ. 2023ರ ಜೂನಿನಲ್ಲಿ ಬಾಂಗ್ಲಾದೇಶದ ಸರದಿ, ಬಂದದ್ದು ಬಿಪರ್‌ಜಾಯ್. ಬಂಗಾಳಿಯಲ್ಲಿ ವಿಪತ್ತು ಎಂದರ್ಥ, ಮೂಲ ನಮ್ಮ 'ವಿಪರ್ಯಯ'ವೇ. ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕುವಂತಿರಲಿಲ್ಲ. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೇ ಜೂನ್ 8ಕ್ಕೆ, ವಾಡಿಕೆಗಿಂತ ಒಂದು ವಾರ ತಡ. ಕೊನೆಗೆ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.

"ಮಳೆ ಎಲ್ಲಿ ಹೋಯ್ತಾ?" ಎಂದಳು ಚಿಕ್ಕಮ್ಮ. ಪೆಸಿಫಿಕ್ ಸಾಗರ ಬಿಸಿಯಾಗಿದೆ, ಎಲ್ ನಿನೋ ಎಂದೆ. ಕ್ರಿಸ್‌ಮಸ್ ಹೊತ್ತಿಗೆ ಬರುವ ಬೆಚ್ಚನೆಯ ನೀರಿಗೆ ಪೆರು ದೇಶದ ಬೆಸ್ತರು ಬಾಲಯೇಸುವಿನ ನೆನಪಿನಲ್ಲಿ ಇಟ್ಟ ಹೆಸರು, ಮಗು ಅಂತ ಅರ್ಥ ಎಂದೂ ವಿವರಿಸಿದೆ. "ಅಲ್ಲಿಯ ಮಗು ಹಟ ಮಾಡಿದ್ರೆ ಇಲ್ಲಿ ನಮ್ಮ ಗದ್ದೆ ಒಣಗ್ಬೇಕಾ?"

ಹಾಸ್ಯವಾಗಿ ಕೇಳಿದರೂ ಅದು ದೊಡ್ಡ ಪ್ರಶ್ನೆ. ಅದನ್ನೇ ಅಂಕಿಗಳಲ್ಲಿ ಕೇಳಿದವರು ಗಿಲ್ಬರ್ಟ್ ವಾಕರ್, 1904ರಲ್ಲಿ ಭಾರತದ ಹವಾಮಾನ ಇಲಾಖೆಗೆ ಮುಖ್ಯಸ್ಥರಾಗಿ ಬಂದವರು. ಓದಿದ್ದು ಗಣಿತ, ಹುಚ್ಚು ಬೂಮರಾಂಗ್ ಎಸೆಯುವುದು, ಕೊಳಲು. ಮುಂಗಾರು ಯಾವ ವರ್ಷ ಕೈಕೊಡುತ್ತದೆಂದು ಮೊದಲೇ ತಿಳಿಯಬೇಕಿತ್ತು. ಲೋಕದ ಮೂಲೆಮೂಲೆಯ ಮಳೆ, ಗಾಳಿಯೊತ್ತಡದ ಲೆಕ್ಕಗಳನ್ನು ತರಿಸಿ ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿದರು. ಪೆಸಿಫಿಕ್ ಕಡೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ, ತಕ್ಕಡಿಯ ತಟ್ಟೆಗಳ ಹಾಗೆ. ಇದನ್ನು ಅವರು ದಕ್ಷಿಣದ ತೂಗಾಟ ಎಂದು ಕರೆದರು. ಎಲ್ ನಿನೋಗೂ ಈ ತಕ್ಕಡಿಗೂ ಇರುವ ನಂಟು ತಿಳಿದದ್ದು ಆಮೇಲಿನವರಿಗೆ. ವಾಕರ್ ಕಲಿಸಿದ ಪಾಠ ಇಷ್ಟು: ಎರಡು ಸಂಗತಿಗಳು ಒಂದೇ ದಿಕ್ಕಿಗೆ ಹೋಗಬೇಕೆಂದಿಲ್ಲ, ಯಾವಾಗಲೂ ಎದುರುಬದುರು ಹೋದರೂ ಲೆಕ್ಕಕ್ಕೆ ಸಾಕು.

ಹೋದ ವರ್ಷ ಊರಿಗೆ ಹೋದಾಗ ಚಿಕ್ಕಮ್ಮನ ಅಟ್ಟದಲ್ಲಿ ಎರಡು ಡಬ್ಬಿ ತುಂಬ ಹಪ್ಪಳ. ಕರಿದು ಕೊಟ್ಟಳು, ಗರಿಗರಿ. "ನೋಡಿದ್ಯಾ, ನನ್ನ ಭವಿಷ್ಯ ಕೇಳಿದ್ದಕ್ಕೆ ಒಂದೂ ಹಾಳಾಗಲಿಲ್ಲ" ಎಂದು ಬೀಗಿದೆ.

"ಹೌದು ಮತ್ತೆ" ಎಂದಳು, ಇನ್ನೊಂದನ್ನು ಎಣ್ಣೆಗೆ ಬಿಡುತ್ತ. "ನೀನು ಬಿಸಿಲು ಅಂದ ದಿನ ನಾನು ಚಾಪೆ ಬಿಚ್ಚೋದೇ ಇಲ್ಲ. ಮಳೆ ಅಂದ ದಿನ ಬೆಳಿಗ್ಗೆನೇ ಹರವ್ತೀನಿ. ನಿನ್ನಷ್ಟು ನಂಬಿಕಸ್ಥ ಪಂಚಾಂಗದವನೂ ಅಲ್ಲ."

ಮೊನ್ನೆ ಮತ್ತೆ ಫೋನು. ಭೂಪಟದಲ್ಲಿ ಘಟ್ಟದ ತುಂಬ ಕೆಂಪು. "ನಾಳೆ ಜೋರು ಮಳೆ" ಎಂದೆ.

"ಬಚಾವಾದೆ" ಎಂದಳು. "ಹಾಗಾದ್ರೆ ಸೊಳೆ ಬೇಯಿಸೋಕೆ ಇಡ್ತೀನಿ."