ಆಲ್ಬಮ್ ಡಿಸೈನರ್ ಮಹಾಶಯರಿಗೆ ಸೋದರಮಾವನ ಬಿನ್ನಹ

ಅರೆಕೆರೆಯ ಮದುವೆ ಆಲ್ಬಮ್ ಡಿಸೈನರ್ ಮಹಾಶಯರ ಸನ್ನಿಧಾನಕ್ಕೆ,

ವಧುವಿನ ಸೋದರಮಾವ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ದಯಪಾಲಿಸಿದ ಆಲ್ಬಮ್ ತಲುಪಿತು. ಮನೆಮಂದಿಯೆಲ್ಲ ಕೂತು ನೋಡಿದೆವು. ನಮ್ಮವರು ಯಾರು ಯಾರಿದ್ದಾರೆಂದು ಹುಡುಕುವುದರಲ್ಲಿ ಒಂದು ಭಾನುವಾರ ಸುಖವಾಗಿ ಕಳೆಯಿತು. ಅದಕ್ಕಾಗಿ ಮೊದಲ ಕೃತಜ್ಞತೆ.

ಹುಡುಗ ಹುಡುಗಿಯನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ, ಅರೆಕೆರೆ ಕೆರೆಯ ಪಕ್ಕ ನಿಲ್ಲಿಸಿ ಪ್ರೀ-ವೆಡ್ಡಿಂಗ್ ಶೂಟ್ ಮಾಡಿಸಿದಿರಿ. ಆಲ್ಬಮ್ಮಿನಲ್ಲಿ ಕೆರೆ ಇಲ್ಲ. ಹಿಮದ ಬೆಟ್ಟ ಇದೆ, ಜೋಡಿ ಹಂಸ ಇದೆ. ಅದರ ನಡುವೆ ನಮ್ಮ ಹುಡುಗಿ ತೆಳ್ಳನೆಯ ಕಾಟನ್ ಸೀರೆಯುಟ್ಟು, ಒಂಚೂರೂ ನಡುಗದೆ ನಗುತ್ತಿದ್ದಾಳೆ. ಪಾಸ್‌ಪೋರ್ಟು, ವೀಸಾ ಏನೂ ಕೇಳದೆ ಸ್ವಿಟ್ಜರ್ಲೆಂಡ್ ತೋರಿಸಿದ ಪುಣ್ಯಾತ್ಮರು ತಾವು. ಮೊದಲೇ ಅಪ್ಪಣೆ ಕೊಡಿಸಿದ್ದರೆ ತಮ್ಮ ಸ್ಟುಡಿಯೋ ಗೋಡೆಯ ಮುಂದೆಯೇ ನಿಲ್ಲುತ್ತಿದ್ದರು. ಕೆರೆಯ ಸೊಳ್ಳೆಗಳಿಗೆ ರಕ್ತದಾನ ಮಾಡುವುದು ತಪ್ಪುತ್ತಿತ್ತು.

ತಮ್ಮ ವಿದ್ಯೆ ಇವತ್ತು ನಿನ್ನೆಯದಲ್ಲ, ಬಲ್ಲೆ. 1857ರಲ್ಲೇ ಇಂಗ್ಲೆಂಡಿನ ಆಸ್ಕರ್ ರೈಲಾಂಡರ್ ಸುಮಾರು 30 ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರ ಮಾಡಿದ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಒದ್ದಾಡಿದ. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳಿಂದ, ಸಾವಿನ ಹಾಸಿಗೆಯ ಹುಡುಗಿಯೊಬ್ಬಳ ಚಿತ್ರ ಹೊಂದಿಸಿದ. 1994ರಲ್ಲಿ ಫೋಟೋಶಾಪಿಗೆ, ಒಂದರ ಮೇಲೊಂದು ಚಿತ್ರ ಹಾಸುವ ಲೇಯರ್ ಬಂತು. ಈಗ ಹಂಸ ಇಳಿಸಲು ತಮಗೆ ಒಂದು ಟೀ ಆರುವಷ್ಟು ಹೊತ್ತು ಸಾಕು. ಕಷ್ಟವಿದ್ದ ಕಾಲದಲ್ಲಿ ಹಂಸ ಬೇಕೋ ಬೇಡವೋ ಎಂದು ಒಮ್ಮೆಯಾದರೂ ಯೋಚಿಸುತ್ತಿದ್ದರೇನೋ. ತಮ್ಮಂಥವರಿಗೆ ಆ ದರಿದ್ರ ಇಲ್ಲ.

ಇನ್ನು ಧಾರೆಯ ಪುಟ. ಕಪ್ಪು ಹಿನ್ನೆಲೆಯ ಮಿಣುಕು ದೀಪಗಳ ಚಿತ್ರವೊಂದನ್ನು ತಂದು ಧಾರೆಯ ಫೋಟೋ ಮೇಲೆ ಸ್ಕ್ರೀನ್ ಮೋಡ್‌ನಲ್ಲಿ ಹಾಸಿದ್ದೀರಿ. ಸ್ಕ್ರೀನ್‌ನ ಸ್ವಭಾವ ತಮಗೆ ಗೊತ್ತಿಲ್ಲದ್ದೇ? ಮೇಲಿನ ಲೇಯರಿನ ಕಪ್ಪು ಮಾಯವಾಗುತ್ತದೆ, ಬೆಳಕೆಲ್ಲ ಕೆಳಗಿನ ಚಿತ್ರಕ್ಕೆ ಸೇರಿಕೊಳ್ಳುತ್ತದೆ. ಕೆಳಗಿರುವುದು ಕತ್ತಲ ರಾತ್ರಿಯಾದರೆ ಚೆಂದ. ಆದರೆ ಧಾರೆಯಲ್ಲಿ ಮೊದಲೇ ಎಲ್ಲ ಬಿಳುಪು: ವರನ ಪಂಚೆ, ಮಲ್ಲಿಗೆ ಹಾರ, ಹಾಲು. ತಮ್ಮ ದೀಪಾಲಂಕಾರದಿಂದ ಎಲ್ಲ ಒಂದೇ ಬೆಳಕಾಗಿ, ಗಿಂಡಿಯಿಂದ ಬೀಳುವ ಹಾಲಿನ ಎಳೆಯೇ ಕಾಣುವುದಿಲ್ಲ. ನಮ್ಮಕ್ಕ ಖಾಲಿ ಗಿಂಡಿ ಬಗ್ಗಿಸಿ ನಿಂತಂತಿದೆ. ಆ ಹಾಲಿನ ಎಳೆಗಾಗಿಯೇ ತಮ್ಮ ಕ್ಯಾಮೆರಾದವರು ಮಂಟಪಕ್ಕೆ ಅಡ್ಡ ನಿಂತು, ಇಡೀ ಛತ್ರಕ್ಕೆ ಬೆನ್ನಿನ ದರ್ಶನ ಭಾಗ್ಯ ಕರುಣಿಸಿದ್ದರು. ಹೇಗೂ ಆಲ್ಬಮ್ಮಿನಲ್ಲಿ ನೋಡುತ್ತೇವಲ್ಲ ಎಂದು ನಾವೂ ಸುಮ್ಮನಿದ್ದೆವು.

ನಮ್ಮಜ್ಜಿಯ ಮೇಲೆ ತಾವು ತೋರಿಸಿದ ಕರುಣೆಯನ್ನಂತೂ ಏನೆಂದು ಹೊಗಳಲಿ! ಸರ್ಫೇಸ್ ಬ್ಲರ್ ಕೊಟ್ಟು ಮುಖದ ಸುಕ್ಕೆಲ್ಲ ನುಣ್ಣಗೆ ಮಾಡಿದಿರಿ. ಸುಕ್ಕಿನ ಜೊತೆ ಹಣೆಯ ಹಚ್ಚೆಯೂ ಹೋಯಿತು. ಮುಂಗೈ ಮೇಲಿನ ಹಸಿರು ಹಚ್ಚೆ ಅರ್ಧ ಹೋಗಿ, ಅರ್ಧ ಪಾಚಿ ಕಟ್ಟಿದ ಹಾಗೆ ಉಳಿದಿದೆ. ಹುಡುಗಿಯಾಗಿದ್ದಾಗ ಅಳುತ್ತಾ ಚುಚ್ಚಿಸಿಕೊಂಡದ್ದಂತೆ. ಅಜ್ಜಿ ಫೋಟೋ ನೋಡಿ, ‘ಯಾರವ್ವಾ ಈಕೆ, ಗಂಡಿನ ಕಡೆಯೋಳಾ?’ ಅಂದಳು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿ ಚಿತ್ರಗಳನ್ನು ತಾವು ನೋಡಿಯೇ ಇರುತ್ತೀರಿ. ಆ ಬಗೆಯ ಚಿತ್ರಗಳ ಸ್ಪರ್ಧೆಗಳಲ್ಲಿ ಒಂದು ನಿಯಮವಿದೆ: ಅಂಚು ಕತ್ತರಿಸಬಹುದು, ಆದರೆ ಚಿತ್ರದೊಳಕ್ಕೆ ಏನನ್ನೂ ಸೇರಿಸುವಂತಿಲ್ಲ, ಇದ್ದದ್ದನ್ನು ತೆಗೆಯುವಂತಿಲ್ಲ. ಕಾಡಿನ ಗೂಬೆಗೆ ಸಿಗುವ ಆ ಮರ್ಯಾದೆ ನಮ್ಮಜ್ಜಿಗೂ ಸಿಗಲೆಂದು ಕೇಳುವುದು ದುರಾಸೆಯಾದೀತೇ?

 

ಕಡೆಗೆ ಈ ಪಾಮರನ ವಿಷಯ. ವಧುವನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಆ ಫೋಟೋದಲ್ಲಿ ನಾನು ಅಡ್ಡವಾಗಿ ಕಂಡೆನೇನೋ, ಮಾಸ್ಕ್ ಹಾಕಿ ಅಳಿಸಿದಿರಿ. ನಾನಿದ್ದ ಜಾಗದಲ್ಲಿ ಗುಲಾಬಿ ಪಕಳೆಗಳು ಉದುರುತ್ತಿವೆ. ಆದರೆ ಹುಡುಗಿಯ ಮೊಣಕೈ ಹಿಡಿದ ನನ್ನ ನಾಲ್ಕು ಬೆರಳು ಮಾತ್ರ ಹಾಗೇ ಉಳಿದಿವೆ, ಉಂಗುರದ ಸಮೇತ. ಬಂದವರಿಗೆಲ್ಲ ಆ ಬೆರಳು ತೋರಿಸಿ ‘ಇದು ನಾನು’ ಎನ್ನುತ್ತಿದ್ದೇನೆ. ಪೂರ್ತಿ ಅಳಿಸದೆ ಇಷ್ಟಾದರೂ ಉಳಿಸಿದ ತಮ್ಮ ದೊಡ್ಡ ಮನಸ್ಸಿಗೆ ನಾನು ಚಿರಋಣಿ.

ಕೋರಿಕೆ ಚಿಕ್ಕದು. ಹಂಸ, ಹಿಮ, ಪಕಳೆ, ದೀಪ ಎಲ್ಲವೂ ಇರಲಿ. ತಮ್ಮ ಕಲೆಗೆ ಅಡ್ಡ ಬರುವಷ್ಟು ದೊಡ್ಡವರು ನಾವಲ್ಲ. ಆದರೆ ಅವು ತಮ್ಮ ತಮ್ಮ ಲೇಯರಿನಲ್ಲೇ ಇರಲಿ. ಸುಕ್ಕು ತೆಗೆಯುವುದಾದರೆ ಕಾಪಿ ಲೇಯರಿನ ಮೇಲೆ ತೆಗೆಯಿರಿ, ಮೂಲ ಫೋಟೋ ಮುಟ್ಟಬೇಡಿ. ಲೇಯರಿನ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಹಂಸ ಹೋಗಿ ಕೆರೆ ಬರಬೇಕು, ಬ್ಲರ್ ಹೋಗಿ ಅಜ್ಜಿ ಬರಬೇಕು. ಫೈಲುಗಳನ್ನು ಫ್ಲ್ಯಾಟನ್ ಮಾಡಿ ಲೇಯರೆಲ್ಲ ಒಂದಾಗಿಸದೆ, ಕ್ಯಾಮೆರಾದಿಂದ ಇಳಿಸಿದ ಒರಿಜಿನಲ್ ಫೋಟೋಗಳ ಜೊತೆ ಪೆನ್‌ಡ್ರೈವಿಗೆ ಹಾಕಿ ಕೊಡುವ ಕೃಪೆಯಾಗಲಿ. ಅದು ಕೈಸೇರಿದ ದಿನವೇ ಬಾಕಿ ಹಣ ತಮ್ಮ ಪಾದಕ್ಕೆ ಅರ್ಪಿತ. ಅಲ್ಲಿಯವರೆಗೆ ನಮ್ಮಲ್ಲೇ ಕ್ಷೇಮವಾಗಿರುತ್ತದೆ.

ಇತಿ ತಮ್ಮ ವಿಧೇಯ,
ನಾಲ್ಕು ಬೆರಳಿನ ಸೋದರಮಾವ