ಉದ್ಯಮ್ ಆಯ್ತಾ?

ನಮ್ಮ ಭಾವ ಎದುರಿಗೆ ಸಿಕ್ಕವರನ್ನು ‘ಊಟ ಆಯ್ತಾ?’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ‘ಉದ್ಯಮ್ ಆಯ್ತಾ?’ ಎಂದೇ ಕೇಳುತ್ತಾರೆ. ಉದ್ಯಮ್ ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರಕಾರದ ನೋಂದಣಿ. ಶಿರಸಿ ಪೇಟೆಯಲ್ಲಿ ಹೂವು ಕಟ್ಟುವವಳಿಂದ ಹಿಡಿದು ಪಂಕ್ಚರ್ ಅಂಗಡಿಯವನ ತನಕ ಈ ಪ್ರಶ್ನೆಯಿಂದ ಪಾರಾದವರಿಲ್ಲ. ಆಗಿಲ್ಲ ಅಂದಿರೋ, ಕಂಕುಳಲ್ಲಿರುವ ನೀಲಿ ಫೈಲು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಆಗಿದೆ ಅಂದರೆ ಇನ್ನೂ ಕಷ್ಟ: ‘ಟ್ರೇಡ್ ಲೈಸೆನ್ಸು? ಎಫ್ಎಸ್ಎಸ್ಎಐ? ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹಾಕಿದ್ದೀಯೇನೋ?’

ಇಂಥವರು ಈಗ ಊರಿಗೊಬ್ಬರು ಇದ್ದಾರೆ. ಬ್ಯಾಂಕಿನಿಂದಲೋ ಕಂದಾಯ ಇಲಾಖೆಯಿಂದಲೋ ನಿವೃತ್ತರಾದವರು. ಧಾರವಾಡದ ಸಿಡಾಕ್‌ನಲ್ಲೋ ಉಜಿರೆಯ ರುಡ್‌ಸೆಟ್‌ನಲ್ಲೋ ಸ್ವಉದ್ಯೋಗ ತರಬೇತಿಗೆ ಬಂದವರಿಗೆ ಒಮ್ಮೆ ಅತಿಥಿ ಉಪನ್ಯಾಸ ಕೊಟ್ಟು ಬಂದ ಮೇಲೆ ಯಾರನ್ನೂ ನೆಮ್ಮದಿಯಾಗಿ ಬೋಂಡಾ ಕರಿಯಲು ಬಿಡುವುದಿಲ್ಲ. ಸ್ವಂತಕ್ಕೊಂದು ಗೂಡಂಗಡಿ ಇಟ್ಟವರಲ್ಲ. ಮದುವೆಮನೆಯಲ್ಲಿ ಪಂಕ್ತಿ ಬಿಟ್ಟು ಅಡುಗೆ ಭಟ್ಟರ ಒಲೆಯ ಮುಂದೆ ಕೂತಿರುತ್ತಾರೆ. ಜಿಲೇಬಿ ಕರಕಲಾದರೆ ಕಾರಣ ಗೊತ್ತಾಯಿತಲ್ಲ.

ನಮ್ಮ ಮನೆಗೆ ಈ ಗ್ರಹಚಾರ ವಕ್ಕರಿಸಿದ್ದು ಹಲಸಿನ ಹಪ್ಪಳದ ದೆಸೆಯಿಂದ. ನನ್ನ ಹೆಂಡತಿ ಬೇಸಿಗೆಯಲ್ಲಿ ಹಪ್ಪಳ ಒತ್ತಿ ಗುರುತಿನ ನಾಲ್ಕು ಮನೆಗೆ ಮಾರುತ್ತಿದ್ದಳು. ಬೆಂಗಳೂರಿನ ನೆಂಟರು ಬಂದಾಗ ಒಂದಷ್ಟು ಕಟ್ಟು ಹೋಗುತ್ತಿದ್ದವು. ಲೆಕ್ಕ ಬರೆಯುತ್ತಿದ್ದುದು ಕ್ಯಾಲೆಂಡರಿನ ಹಿಂಬದಿಗೆ. ಇದು ಅವಳ ಅಣ್ಣನ ಕಣ್ಣಿಗೆ ಬಿತ್ತು.

‘ತಂಗೀ, ನೀನೀಗ ಅಸಂಘಟಿತ ವಲಯ’ ಅಂದರು. ಕಾಯಿಲೆಯ ಹೆಸರು ಹೇಳುವ ಡಾಕ್ಟರ ಧ್ವನಿ.

ಉದ್ಯಮ್ ನೋಂದಣಿಗೆ ಬೇಕಾದ್ದು ಆಧಾರ್, ಪ್ಯಾನ್ ಮತ್ತು ಒಟಿಪಿ. ನಮ್ಮ ಮನೆಗೆ ಇಂಟರ್ನೆಟ್ಟಿನ ವೈರು ಬಂದಿದೆ, ಮೊಬೈಲ್ ಸಿಗ್ನಲ್ ಮಾತ್ರ ಮನೆ ಹಿಂದಿನ ಧರೆ ಹತ್ತಿದರೇ ಸಿಗುವುದು. ಹೆಂಡತಿಯ ಎರಡೂ ಕೈ ಹಲಸಿನ ಹಿಟ್ಟಿನಲ್ಲಿದ್ದವು. ಹಾಗಾಗಿ ಅವಳ ಫೋನು ಹಿಡಿದು ಧರೆ ಹತ್ತಿದವನು ನಾನು. ಭಾವ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತು ‘ಬಂತಾ?’ ಎಂದು ಕೂಗುವುದು, ನಾನು ಮೇಲಿಂದ ಆರು ಅಂಕೆಗಳನ್ನು ಒಂದೊಂದಾಗಿ ಕೂಗುವುದು. ‘ಯಾರಿಗೂ ಹೇಳಬೇಡಿ’ ಎಂದು ಆ ಸಂದೇಶದಲ್ಲೇ ಬರೆದಿರುತ್ತದೆ; ಆ ಮಧ್ಯಾಹ್ನ ಇಡೀ ಕೇರಿಗೆ ನಮ್ಮ ಒಟಿಪಿ ಬಾಯಿಪಾಠವಾಯಿತು. ಮೂರನೇ ಅಂಕೆ ‘ಏಳೋ ಎಂಟೋ’ ಎಂಬ ಗೊಂದಲವನ್ನು ಬಗೆಹರಿಸಿದವರು ಪಕ್ಕದ ಮನೆಯ ಅಜ್ಜಿ. ಇತ್ತ ನಾನು ಕಾಯಬೇಕಿದ್ದ ಚಾಪೆಗೆ ಕಾಗೆ ಇಳಿದು ಒಂದು ಸಾಲು ಹಪ್ಪಳ ಎತ್ತಿಕೊಂಡು ಹೋಯಿತು.

ಆಮೇಲೆ ಯಾವ ಕಸುಬು ಎಂದು ಕೋಡ್ ಆರಿಸಬೇಕಿತ್ತು. ಸರಕಾರದ ಪಟ್ಟಿಯಲ್ಲಿ ಹಪ್ಪಳಕ್ಕೇ ಅಂತ ಒಂದು ಸಂಖ್ಯೆ ಇದೆ, 10796. ಅದು ಸಿಕ್ಕಾಗ ಭಾವನ ಕಣ್ಣು ತುಂಬಿ ಬಂತು, ಸುಳ್ಳಲ್ಲ. ‘ನೋಡು, ದಿಲ್ಲಿಯಲ್ಲಿ ನಿನ್ನನ್ನೂ ಎಣಿಸಿದ್ದಾರೆ ತಂಗೀ!’ ಅಂದರು. ತಂಗಿ, ‘ಕಾಗೆ ತಗೊಂಡು ಹೋದದ್ದನ್ನೂ ಎಣಿಸಿದ್ದಾರಾ?’ ಅಂದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಆಹಾರ ಸುರಕ್ಷತೆಯ 14 ಅಂಕೆಗಳ ನಂಬರು ಬಂತು; ಸರಿ, ತಿನ್ನುವ ಪದಾರ್ಥ, ಇರಲಿ. ಪೊಟ್ಟಣಕ್ಕೆ ‘ಜಾಕ್ ಕ್ರಂಚ್’ ಎಂದು ಹೆಸರಿಡುವ ಸೂಚನೆ ಬಂತು. ‘ಹಲಸಿನ ಹಪ್ಪಳಕ್ಕೆ ಹಲಸಿನ ಹಪ್ಪಳ ಅಂದರೆ ಏನು ರೋಗ ಅಣ್ಣ?’ ಎಂಬ ಒಂದೇ ಮಾತಿಗೆ ಅದು ಬಿದ್ದುಹೋಯಿತು. ಡಿಜಿಟಲ್ ಮಾರ್ಕೆಟಿಂಗ್ ನನ್ನ ಪಾಲಿಗೆ ಬಂತು, ಅಂದರೆ ರೀಲ್ಸಿಗಾಗಿ ಕ್ಯಾಮೆರಾ ಮುಂದೆ ಕರುಂ ಕುರುಂ ಎಂದು ಹಪ್ಪಳ ತಿನ್ನುವುದು. ‘ಸದ್ದು ಸಾಲದು, ಇನ್ನೊಂದು ಟೇಕ್’ ಎಂದು ಭಾವ ತಿನ್ನಿಸಿದ್ದೇ ತಿನ್ನಿಸಿದ್ದು. ಆ ವಿಡಿಯೊ ನೋಡಿದವರಲ್ಲಿ ಹಪ್ಪಳ ಕೇಳಿದವರು ಯಾರೂ ಇಲ್ಲ. ನನಗೆ ಯಾವ ಡಾಕ್ಟರು ಹಲ್ಲು ಕಟ್ಟಿದರೆಂದು ಕೆಲವರು ಕೇಳಿದರು.

ಆಮೇಲೆ ಜಿಎಸ್‌ಟಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ದುಂಡಗಿನ ಹಪ್ಪಳಕ್ಕೆ ತೆರಿಗೆ ಇಲ್ಲವಂತೆ, ಚೌಕದ್ದಕ್ಕೆ ಇದೆಯಂತೆ ಎಂದು 2021ರಲ್ಲಿ ಉದ್ಯಮಿಯೊಬ್ಬರು ಟ್ವಿಟರ್‌ನಲ್ಲಿ ಕಿಚಾಯಿಸಿದಾಗ, ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೇ ಆಕಾರ ಯಾವುದಾದರೂ ಹೆಸರು ಏನಾದರೂ ಹಪ್ಪಳಕ್ಕೆ ವಿನಾಯಿತಿ ಎಂದು ಸ್ಪಷ್ಟನೆ ಕೊಟ್ಟಿತ್ತು. ಬರೀ ವಿನಾಯಿತಿಯ ಸರಕು ಮಾರುವವರು ನೋಂದಣಿ ಮಾಡಿಸಬೇಕಾಗಿಯೇ ಇಲ್ಲ. ಇದೆಲ್ಲ ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಅವರು ವರ್ತಮಾನದಲ್ಲಿ ಬದುಕುವವರಲ್ಲ. ‘ಇವತ್ತು ಹಪ್ಪಳ. ನಾಳೆ ಖಾರದಪುಡಿ ಮಾಡಿದರೆ? ಅದಕ್ಕೆ ಶೇ. 5 ಇದೆ. ನಾಡಿದ್ದು ದುಬೈಗೆ ಕಳಿಸಿದರೆ?’ ಖಾರದಪುಡಿಯೇ ಆದರೂ ವರ್ಷದ ವಹಿವಾಟು 40 ಲಕ್ಷ ದಾಟಬೇಕು. ನನ್ನ ಹೆಂಡತಿಯ ವಹಿವಾಟು ಎರಡು ಹಲಸಿನ ಮರ ದಾಟಿದ್ದಿಲ್ಲ.

ನಂಬರು ಬಂದೇ ಬಂತು, 29ರಿಂದ ಶುರುವಾಗುವ 15 ಅಕ್ಷರಗಳದ್ದು. ಅದನ್ನು ಬೋರ್ಡಿನಲ್ಲಿ ತೋರಿಸಬೇಕೆಂದು ನಿಯಮ. ಜಗಲಿಯ ಕಂಬಕ್ಕೆ ಬೋರ್ಡು ಬಿತ್ತು. ಅಂದಿನಿಂದ ದಾರಿಹೋಕರು ಬಾಗಿಲು ತಟ್ಟಿ, ‘ಇಲ್ಲಿ ಆಧಾರ್ ತಿದ್ದುಪಡಿ ಮಾಡ್ತೀರಾ?’ ಎಂದು ಕೇಳತೊಡಗಿದರು. ಕಟ್ಟಬೇಕಾದ ತೆರಿಗೆ ಸೊನ್ನೆ. ಸೊನ್ನೆ ಎಂದು ತಿಳಿಸುವುದು ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಕೊನೆಗೆ ಪೇಟೆಯ ತೆರಿಗೆ ಸಲಹೆಗಾರರ ಹತ್ತಿರ ಹೋಗಿ ರದ್ದು ಮಾಡಿಸಿದೆವು. ಅವರು ನಕ್ಕು, ‘ನಿಮ್ಮ ಭಾವನ ಪೈಕಿ ಈ ತಿಂಗಳು ನೀವು ಎರಡನೆಯವರು’ ಅಂದರು.

ಹೀಗೆಲ್ಲ ಬರೆದೆನೆಂದು ಹೆಂಡತಿಗೆ ಸಿಟ್ಟಿದೆ. ಕಾರಣ ಇದೆ. ಅಣ್ಣ-ತಂಗಿಯರ ಅಪ್ಪನದೊಂದು ಅವಲಕ್ಕಿ ಗಿರಣಿ ಇತ್ತು. ಹುಬ್ಬಳ್ಳಿಯ ಸಗಟು ವ್ಯಾಪಾರಿಯೊಬ್ಬ ಮೂಟೆಗಟ್ಟಲೆ ಅವಲಕ್ಕಿ ಒಯ್ದು ದುಡ್ಡು ಕೊಡಲಿಲ್ಲ. ಬಿಲ್ಲಿಲ್ಲ, ಪುಸ್ತಕವಿಲ್ಲ, ಬರೀ ಬಾಯಿಮಾತು. ಗಿರಣಿ ಮುಚ್ಚಿತು. ಈಗ ಸಣ್ಣ ತಯಾರಕನಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಆದರೆ ದೂರು ಕೊಡಲು ಹೋದವನ ಕೈಯಲ್ಲಿ ನೋಂದಣಿ ಇರಬೇಕು, ಬಿಲ್ಲು ಇರಬೇಕು. ಭಾವ ಈ ಕತೆಯನ್ನು ಯಾವ ಭಾಷಣದಲ್ಲೂ ಹೇಳಿಲ್ಲ. ನನಗೆ ಹೇಳಿದ್ದು ಹೆಂಡತಿ.

2025ರ ಜುಲೈ ಬಂತಲ್ಲ, ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ ತಿಂಗಳು. ಹಾವೇರಿಯ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸು ಎಂದು ಪೇಪರಿನಲ್ಲಿ ಬಂತು. ಅಂಗಡಿಗಳ ಕ್ಯೂಆರ್ ಚೀಟಿ ಒಂದೊಂದಾಗಿ ಮಾಯವಾದವು. ನಮ್ಮ ಪರಿಚಯದ ಬೇಕರಿಯವರಿಗೂ ನೋಟಿಸು ಬಂದು, ಅವರು ಅನ್ನ ಬಿಟ್ಟು ಕೂತರು. ಊರಿನ ಬುದ್ಧಿವಂತರೆಲ್ಲ ಸರಕಾರವನ್ನು ಬೈದು ಚಹಾ ಕುಡಿದು ಹೋದರು. ಭಾವ ಬೇಕರಿಯ ಹಿಂಬದಿ, ಮೈದಾ ಚೀಲದ ಮೇಲೆ ಕೂತು, ನಾಲ್ಕು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದರು. ಹಾಲು, ಬ್ರೆಡ್ಡು ಹಸಿರು: ತೆರಿಗೆ ಇಲ್ಲದ್ದು. ಚೀಟಿ ದುಡ್ಡು, ಮೈದುನ ಕೊಟ್ಟ ಕೈಗಡ, ಬಸ್ಸಿಗೆ ಚಿಲ್ಲರೆ ಇಲ್ಲದವರು ಫೋನ್‌ಪೇ ಮಾಡಿ ನಗದು ಒಯ್ದದ್ದು ನೀಲಿ: ವ್ಯಾಪಾರವೇ ಅಲ್ಲದ್ದು. ಉಳಿದದ್ದು ಕೆಂಪು. ಕೆಂಪು ಬೇಕರಿಯವರು ಹೆದರಿದಷ್ಟು ಇರಲಿಲ್ಲ. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಸಭೆ ಕರೆದು ಸಮಾಧಾನದ ಮಾತಾಡುವ ಹೊತ್ತಿಗೆ ಇಲ್ಲಿ ಉತ್ತರ ಬರೆದು ಆಗಿತ್ತು. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನವರಿಗೆ ಶೇ. 1 ಕಟ್ಟಿ ಮುಗಿಸುವ ರಾಜಿ ತೆರಿಗೆಯನ್ನು ಸಾಮಾನ್ಯ ಬೇಕರಿಯವನಿಗೂ ಅರ್ಥವಾಗುವಂತೆ ಹೇಳಿದವರನ್ನು ನಾನು ಮೊದಲ ಬಾರಿ ಕಂಡೆ. ಭಾವ ದುಡ್ಡು ಮುಟ್ಟಲಿಲ್ಲ. ಬೇಕರಿಯವರು ಕಣ್ಣೊರೆಸಿಕೊಂಡು ಖಾರಾ ಬನ್ನು ಕಟ್ಟಿಕೊಟ್ಟರು.

ಅದನ್ನು ಕೈಗೆ ತೆಗೆದುಕೊಂಡು ಭಾವ ಕೇಳಿದರು: ‘ಇನ್‌ಸ್ಟಾಗ್ರಾಂ ಪೇಜ್ ಇದೆಯಾ ಮಾರಾಯ?’

ಓದುಗರಲ್ಲಿ ಒಂದು ವಿನಂತಿ. ಉದ್ಯಮ್ ನೋಂದಣಿ ಪೂರ್ತಿ ಉಚಿತ. ದುಡ್ಡು ಕೇಳುವ ಜಾಲತಾಣ ಸರಕಾರದ್ದಲ್ಲ, ಕೊಡಬೇಡಿ. ನೋಟಿಸು ಬಂದಿದ್ದರೆ ಹೇಳಿ, ಭಾವನ ನಂಬರು ಕೊಡುತ್ತೇನೆ. ಮನೆಯಲ್ಲಿ ಯಾರಾದರೂ ಉಪ್ಪಿನಕಾಯಿ ಹಾಕುತ್ತಾರೆ ಎಂಬುದನ್ನು ಮಾತ್ರ ಅವರೆದುರು ಬಾಯಿ ಬಿಡಬೇಡಿ.